ಎಂಟು ಚೌಕದ ಡಕಾಯಿತ

ಚನ್ನಪಟ್ಟಣ ತಾಲ್ಲೂಕು ಕಛೇರಿಯಲ್ಲಿ ನಕ್ಷೆ ನಕಲು ಮಾಡುವ ಗುಮಾಸ್ತ ಗಂಗಯ್ಯ ಹೆದರದೆ ಇದ್ದ ಪದಾರ್ಥ ಈ ಲೋಕದಲ್ಲಿ ಯಾವುದು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಹನ್ನೊಂದು ವರ್ಷ ಅವನ ಪಕ್ಕದ ಮೇಜಿನಲ್ಲಿ ಕೂತವನು ನಾನು. ನನಗೇ ಒಂದೂ ಹೊಳೆದಿಲ್ಲ. ಹಲ್ಲಿ ಕಂಡರೆ ಹೆದರುತ್ತಿದ್ದ. ಕಂಡ ಹಲ್ಲಿ ಆಮೇಲೆ ಕಾಣದಿದ್ದರೆ ಇನ್ನೂ ಹೆದರುತ್ತಿದ್ದ. ಅಮಲ್ದಾರರು ಕೆಮ್ಮಿದರೆ ಎದ್ದು ನಿಲ್ಲುತ್ತಿದ್ದ, ಕೆಮ್ಮದಿದ್ದರೆ ಇವತ್ತು ಯಾಕೆ ಕೆಮ್ಮಲಿಲ್ಲವೆಂದು ಬೆವರುತ್ತಿದ್ದ. ಇಂಥ ಪ್ರಾಣಿ ಚನ್ನಪಟ್ಟಣದಿಂದ ಮಾಗಡಿಯವರೆಗೆ, ಅತ್ತ ಕನಕಪುರದವರೆಗೆ, ಒಂದು ಸೀಮೆಯನ್ನೇ ಹದಿನೈದು ದಿನ ಗಡಗಡ ನಡುಗಿಸಿತು ಎಂದರೆ ನೀವು ನಂಬುವುದಿಲ್ಲ. ನಂಬದಿದ್ದರೆ ಬಿಡಿ, ನನಗೇನೂ ನಷ್ಟವಿಲ್ಲ. ನಾನು ಕಣ್ಣಾರೆ ಕಂಡಿದ್ದೇನೆ.

ಜರ್ಮನಿಯ ಯುದ್ಧ ಮುಗಿದು ನಾಲ್ಕು ವರ್ಷವಾಗಿತ್ತು. ತಿಪ್ಪಸಂದ್ರದ ಶಾಲೆಯ ಮೇಷ್ಟ್ರು ದೊಡ್ಡಮುನಿಯಪ್ಪನವರು ಒಂದು ದಿನ ಕಛೇರಿಗೆ ಬಂದರು. ಇವರು ಕಥೆಗಾರರು. ಬರೆಯುತ್ತಿದ್ದದ್ದು ಎರಡೇ ಬಗೆ: ದೆವ್ವದ ಕಥೆ, ಇಲ್ಲವೆ ಅಮೆರಿಕಾ ದೇಶದ ಬಯಲುಸೀಮೆಯಲ್ಲಿ ಕುದುರೆ ಹತ್ತಿ ಪಿಸ್ತೂಲು ಹಾರಿಸುವವರ ಕಥೆ. ಅಮೆರಿಕಾ ಅವರು ಕಂಡವರಲ್ಲ. ಬೆಂಗಳೂರು ದಂಡಿನ ಪ್ರದೇಶದ ಹಳೇ ಪೇಪರು ಅಂಗಡಿಯಿಂದ ಆ ದೇಶದ ಪತ್ರಿಕೆಗಳನ್ನು ಕಟ್ಟುಗಟ್ಟಲೆ ತಂದು ಓದಿಕೊಂಡಿದ್ದರು. ದೆವ್ವವನ್ನು ಕಂಡಿದ್ದೇನೆ ಎನ್ನುತ್ತಿದ್ದರು.

ಗಂಗಯ್ಯ ಆಗ ಕೆಲಸದ ನಡುವೆ ಅಮಲ್ದಾರರ ಕೊಡೆಯ ಚಿತ್ರ ಗೀಚುತ್ತಿದ್ದ. ಮೇಷ್ಟ್ರು ಅದನ್ನು ನೋಡಿದರು. ಕಣ್ಣರಳಿಸಿದರು.

"ಗಂಗಯ್ಯನೋರೆ, ನೀವು ಗುಮಾಸ್ತರಲ್ಲ, ಚಿತ್ರಗಾರರು!" ಎಂದರು.

ಹನ್ನೊಂದು ವರ್ಷದಲ್ಲಿ ಅವನನ್ನು ಯಾರೂ ಏನೂ ಎಂದಿರಲಿಲ್ಲ. ಗಂಗಯ್ಯನ ಕಿವಿ ಕೆಂಪಾದವು. ಅನರ್ಥ ಶುರುವಾದದ್ದು ಅಲ್ಲಿಂದ.

ಮೇಷ್ಟ್ರು ಚೀಲದಿಂದ ಒಂದು ಅಮೆರಿಕಾ ಪತ್ರಿಕೆ ತೆಗೆದು ಬಿಡಿಸಿದರು. ಒಂದೇ ಪುಟದಲ್ಲಿ ಸಾಲಾಗಿ ಚೌಕಗಳು, ಚೌಕಕ್ಕೊಂದು ಚಿತ್ರ, ಮನುಷ್ಯರ ಬಾಯಿಂದ ಹೊರಟ ಬುಡ್ಡೆಯಂಥ ಗೆರೆಯೊಳಗೆ ಅವರಾಡುವ ಮಾತು.

"ನನ್ನ ಕಥೇನ ಹಿಂಗೆ ಬರ್ಕೊಡಿ. ಬೆಂಗಳೂರಿನ ಅಚ್ಚುಕೂಟದೋರು ಒಪ್ಪಿದಾರೆ. ಎಂಟು ಚೌಕ. ಬುಡ್ಡೆ ಖಾಲಿ ಬಿಡಿ, ಮಾತು ನಾನೇ ತುಂಬ್ತೀನಿ. ಈ ಪದ್ಧತೀಲಿ ಒಂದು ಅನುಕೂಲ ಏನು ಗೊತ್ತಾ? ಓದು ಬಾರ್ದೇ ಇದ್ದೋರಿಗೂ ನೋಡಿದ ತಕ್ಷಣ ಅರ್ಥ ಆಗ್ಬಿಡುತ್ತೆ!"

ಈ ಕೊನೆಯ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಕಥೆ ಹೀಗಿತ್ತು: ಒಬ್ಬ ಡಕಾಯಿತ, ಅಗಲವಾದ ಟೋಪಿ, ಮುಖಕ್ಕೆ ವಸ್ತ್ರ, ಕುದುರೆಯ ಮೇಲೆ ಬಂಡೆಗಳ ನಡುವೆ ಓಡಿಹೋಗುತ್ತಾನೆ. ದಾರಿಯಲ್ಲಿ ಹುಲ್ಲಿನ ಮೆದೆಗೆ ಬೆಂಕಿಯಿಡುತ್ತಾನೆ. ಅವನಿಂದ ಸತ್ತ ಹೆಂಗಸೊಬ್ಬಳು ಏಳನೆಯ ಚೌಕದಲ್ಲಿ ದೆವ್ವವಾಗಿ ಎದ್ದು, ಎಂಟನೆಯದರಲ್ಲಿ ಕುದುರೆಯ ಮೇಲೆ ಅವನ ಬೆನ್ನಿಗೆ ಬಂದು ಕೂರುತ್ತಾಳೆ. ಕೇಳಿಯೇ ಗಂಗಯ್ಯ ಎರಡು ದಿನ ಹಿತ್ತಲಿಗೆ ಹೋಗಲಿಲ್ಲ.

ಆದರೆ ಒಪ್ಪಿಕೊಂಡಾಗಿತ್ತು. ತೊಂದರೆಯೆಂದರೆ ಗಂಗಯ್ಯನದು ನಕಲಿನ ಕೈ. ಕಣ್ಣೆದುರು ಇದ್ದದ್ದನ್ನು ಇದ್ದ ಹಾಗೇ ಇಳಿಸುತ್ತಿದ್ದ, ಇಲ್ಲದ್ದನ್ನು ಬರೆಯಲು ಅವನಿಂದ ಆಗುತ್ತಿರಲಿಲ್ಲ. ಅಮೆರಿಕಾದ ಬೆಟ್ಟಕ್ಕೆ ನಮ್ಮ ಪಕ್ಕದೂರು ಕ್ಲೋಸ್‌ಪೇಟೆಯ ಬಂಡೆಗಳನ್ನು ಬರೆದ. ಡಕಾಯಿತನಿಗೆ ಪಕ್ಕದ ಮನೆಯ ಜಟಕಾ ಜಬ್ಬಾರನನ್ನು ಕರೆದ. ಜಬ್ಬಾರ್ ತಲೆಯ ಮೇಲೆ ಬಿದಿರು ಬುಟ್ಟಿ ಕವುಚಿಕೊಂಡು, ಮೂಗಿನ ಮೇಲೆ ಹೆಗಲಿನ ಚೌಕ ಕಟ್ಟಿಕೊಂಡು, ಬೀದಿಯ ಗೊಂಬೆ ಮಾಡುವವರು ತೊಟ್ಟಿಲಿಗೆಂದು ಕಡೆದಿದ್ದ ಗೂಟವನ್ನು ಪಿಸ್ತೂಲಿನಂತೆ ಹಿಡಿದು, ತನ್ನ ಕುದುರೆ ಬಾದಷಾನ ಮೇಲೆ ಊರಾಚೆ ಎಂಟು ಸಂಜೆ ಕೂತ.

"ಗಂಗಣ್ಣ, ನನ್ನ ಮುಖ ಬುಕ್ಕಲ್ಲಿ ಬತ್ತೈತಾ?"

"ಬರುತ್ತೆ. ಆದರೆ ಲೇ ಜಬ್ಬಾರ್, ಯಾರ ಹತ್ರಾನೂ ಬಾಯಿ ಬಿಡಬೇಡ. ಇದು ಕಛೇರಿ ಕಾಗದ. ಗೊತ್ತಾದರೆ ನನ್ನ ನೌಕರಿ ಹೋಯ್ತು."

"ಅಲ್ಲಾನಾಣೆ, ಬುಡಾಕಿಲ್ಲ," ಎಂದ ಜಬ್ಬಾರ್.

ದೆವ್ವಕ್ಕೆ ಯಾರು? ಅದನ್ನು ಮಾತ್ರ ಗಂಗಯ್ಯ ನನಗೂ ಹೇಳಲಿಲ್ಲ.

ನಕ್ಷೆಯ ಕಾಗದ ದಪ್ಪ; ಮೂಲೆಯಲ್ಲಿ ಗಂಡಭೇರುಂಡದ ಮೊಹರು ಮೊದಲೇ ಬಿದ್ದಿರುತ್ತಿತ್ತು. ಯಾವ ಚೌಕ ಮೊದಲು, ಯಾವುದು ಆಮೇಲೆ ಎಂದು ತಿಳಿಯಲು ಗಂಗಯ್ಯ ಒಂದರಿಂದ ಎಂಟರವರೆಗೆ ಅಂಕಿ ಹಾಕಿದ. ಸುರುಳಿ ಸುತ್ತಿದ. ಅದೇ ದಿನ ಬೈರಾಪಟ್ಟಣದ ಪಟೇಲರು ಕೇಳಿದ್ದ ಹೊಲಗಳ ನಕ್ಷೆಯ ನಕಲೂ ಮುಗಿದಿತ್ತು. ಅದನ್ನೂ ಸುರುಳಿ ಸುತ್ತಿದ. ಎರಡಕ್ಕೂ ಒಂದೇ ದಾರ, ಒಂದೇ ಗಂಟು. ಅಷ್ಟರಲ್ಲಿ ಅಮಲ್ದಾರರು ಕೆಮ್ಮಿದರು.

ಗಂಗಯ್ಯ ಎದ್ದು ನಿಂತು, ಕೂತು, ಎರಡು ಸುರುಳಿಗೂ ವಿಳಾಸ ಬರೆದ.

ಮೂರನೆಯ ದಿನ ತಿಪ್ಪಸಂದ್ರದಿಂದ ಕಾಗದ ಬಂತು. "ನಿಮ್ಮ ಚಿತ್ರ ತಲುಪಿತು. ಚೌಕಗಳು ಬಹಳ ಸೊಗಸಾಗಿವೆ. ಎರಡು ಬಾವಿ, ಒಂದು ಹುಣಸೆ ಮರ, ಒಂದು ಕಾಲುದಾರಿ ಕಂಡೆ. ಸವಾರ ಎಲ್ಲಿ? ಓದುಗನೇ ಊಹಿಸಿಕೊಳ್ಳಲಿ ಎಂಬ ಹೊಸ ಪದ್ಧತಿಯೆ?"

ಗಂಗಯ್ಯನ ಮುಖ ಸುಣ್ಣದ ಗೋಡೆಯಾಯಿತು. ಕಾಗದವನ್ನು ನನ್ನ ಮುಂದೆ ಹಿಡಿದ.

ಆ ಹೊತ್ತಿಗೆ ಬೈರಾಪಟ್ಟಣದ ಚಾವಡಿಯಲ್ಲಿ ಏನು ನಡೆದಿತ್ತೆಂಬುದನ್ನು ಪಟೇಲರೇ ನನಗೆ ಆಮೇಲೆ ಹೇಳಿದರು. ಗಡಿ ತಕರಾರಿದ್ದ ಹೊಲದವರೆಲ್ಲ ಸೇರಿದ್ದರು. ಶಾನುಭೋಗರು ಸುರುಳಿ ಬಿಚ್ಚಿದರು. ಮೊಹರು ನೋಡಿ ಕಣ್ಣಿಗೊತ್ತಿಕೊಂಡರು. ಆಮೇಲೆ ಚಿತ್ರ ನೋಡಿದರು. ಚೌಕದಿಂದ ಚೌಕಕ್ಕೆ ಬೆರಳಾಡಿಸಿದರು.

"ಅಂಕಿ ಹಾಕಿದೆ," ಎಂದರು ಕೊನೆಗೆ. "ಇವು ಸರ್ವೆ ನಂಬರುಗಳು. ಯಾವ ಯಾವ ನಂಬರಿನ ಹೊಲದಲ್ಲಿ ಯಾವ ಯಾವ ಡಕಾಯಿತ ಇದ್ದಾನೆ ಅಂತ ಸರ್ಕಾರದೋರು ತೋರಿಸಿದ್ದಾರೆ."

ನೀವು ನಗುತ್ತೀರಿ. ಹುಟ್ಟಿದಾಗಿನಿಂದ ಸರ್ಕಾರದ ಕಾಗದದ ಮೇಲೆ ಅಂಕಿ ಹಾಕಿದ ಚೌಕವೆಂದರೆ ಹೊಲವೆಂದೇ ಕಂಡವರು ಅವರು. ಒಬ್ಬನೇ ಮನುಷ್ಯನನ್ನು ಎಂಟು ಸಲ ಬರೆಯುವ ಹುಚ್ಚು ಯಾರಿಗಾದರೂ ಇರುತ್ತದೆಂದು ಅವರಿಗೆ ಹೇಗೆ ಗೊತ್ತಾಗಬೇಕು?

"ಲೇ, ಮೂರನೇ ನಂಬರು ನಮ್ದು ಕಣ್ಲಾ! ನಮ್ ಹೊಲದಾಗೆ ಕುದ್ರೆ ಹಾರುಸ್ತಾ ಅವ್ನೆ!"

"ನಿಂದ್ರಾಗೆ ಬರೀ ಹಾರುಸ್ತಾ ಅವ್ನೆ. ನನ್ ನಾಕನೇ ನಂಬರ್ನಾಗೆ ಮೆದೆಗೆ ಬೆಂಕಿ ಇಕ್ಬುಟ್ಟವ್ನಲ್ಲಪ್ಪೋ!"

ನಾಲ್ಕನೆಯ ನಂಬರಿನವನು ಹೊಲಕ್ಕೆ ಓಡಿದ. ಹೋದಷ್ಟೇ ವೇಗವಾಗಿ ವಾಪಸು ಬಂದ. ಮೆದೆ ಇದ್ದ ಹಾಗೇ ಇತ್ತಂತೆ. ಅದರಿಂದ ಅವನ ಭಯ ಇಮ್ಮಡಿಯಾಗಿತ್ತು.

"ಇನ್ನೂ ಇಕ್ಕಿಲ್ಲ," ಎಂದ ಏದುಸಿರು ಬಿಡುತ್ತ. "ಇಕ್ತಾನೆ."

"ಬುದ್ಧಿ, ಬಾಯಿಂದ ಬೆಳ್ಳಗೆ ಒಂದು ಬುಡ್ಡೆ ಹೊಂಟೈತಲ್ಲ, ಅದೇನು?" ಎಂದು ಪಟೇಲರು ಕೇಳಿದರು.

ಶಾನುಭೋಗರು ಪತ್ರಿಕೆ ಓದುವವರು. "ವಿಷದ ಗಾಳಿ," ಎಂದರು ಮೆಲ್ಲಗೆ. "ಜರ್ಮನಿಯವರು ಯುದ್ಧದಲ್ಲಿ ಬಿಟ್ಟದ್ದು. ಈಗ ಇವರ ಕೈಗೂ ಸಿಕ್ಕಿದೆ."

ದೆವ್ವವಿದ್ದ ಏಳನೆಯ ನಂಬರು ಚಿಕ್ಕಲಕ್ಷ್ಮಮ್ಮನದು. ಗಂಡನಿಲ್ಲದೆ ಒಬ್ಬಳೇ ಬೇಸಾಯ ಮಾಡುವ ಗಟ್ಟಿಗಿತ್ತಿ. "ದೆವ್ವ ಬಂದ್ರೆ ಬರ್ಲಿ, ಕಳೆ ಕೀಳಾಕೆ ಒಂದಾಳು ಸಾಲ್ದಾಗಿತ್ತು," ಎಂದಳಂತೆ. ಆದರೆ ಮಾರನೆಯ ದಿನ ಕಳೆ ಕೀಳಲು ಅವಳೂ ಹೋಗಲಿಲ್ಲ.

ಪಟೇಲರು ಸುರುಳಿಯೊಂದಿಗೆ ನೇರ ಅಮಲ್ದಾರರ ಮುಂದೆ ಬಂದು ನಿಂತರು. "ಮಾಸ್ವಾಮಿ, ತಾವು ಮುಂಚೇನೆ ತಿಳ್ಸಿದ್ದು ಒಳ್ಳೇದಾಯ್ತು. ನಮ್ಗೆ ಒಸಿ ಪೊಲೀಸ್ನೋರ್ನ ಕೊಡಿ."

ಅಮಲ್ದಾರರು ಚಿತ್ರ ನೋಡಿದರು. ಅದು ಏನೆಂದು ಅವರಿಗೆ ಸ್ವಲ್ಪವೂ ಗೊತ್ತಿರಲಿಲ್ಲ. ಆದರೆ ಮೊಹರು ತಮ್ಮ ಕಛೇರಿಯದು. ತಮ್ಮ ಕಛೇರಿಯಿಂದ ಹೋದದ್ದು ತಮಗೇ ಗೊತ್ತಿಲ್ಲವೆಂದು ಒಬ್ಬ ಪಟೇಲನ ಮುಂದೆ ಒಪ್ಪಿಕೊಳ್ಳುವುದು ಅಮಲ್ದಾರರಾದವರಿಗೆ ಸಾಧ್ಯವೆ?

"ಹೌದು," ಎಂದರು ಗಂಭೀರವಾಗಿ. "ನಾವೇ ಕಳಿಸಿದ್ದು. ಬಹಳ ಗೋಪ್ಯದ ವಿಷಯ."

ಗಂಗಯ್ಯ ಎದ್ದು ನಿಂತಿದ್ದ. ಬಾಯಿ ಅರ್ಧ ತೆರೆದಿತ್ತು. ಈ ಮಾತು ಕೇಳಿ ಮೆಲ್ಲಗೆ ಕೂತ. ಈಗ ನಿಜ ಹೇಳಿದರೆ ಸರ್ಕಾರದ ಕಾಗದ ಕದ್ದ ತಪ್ಪೊಂದೇ ಅಲ್ಲ, ಅಮಲ್ದಾರರನ್ನು ಸುಳ್ಳುಗಾರರನ್ನಾಗಿ ಮಾಡಿದ ತಪ್ಪೂ ಸೇರುತ್ತಿತ್ತು. ಸಂಜೆಯೊಳಗೆ ಬೆಂಗಳೂರಿನ ಹುಜೂರು ಕಛೇರಿಗೆ ವರದಿ ಹೋಯಿತು: ಕುದುರೆ ಸವಾರರು ಎಂಟು, ಪಿಸ್ತೂಲು ಎಂಟು, ವಿಷಗಾಳಿ ಸಮೇತ, ಜೊತೆಗೆ ತಲೆಗೂದಲು ಕೆದರಿದ ಹೆಂಗಸರು ಇಬ್ಬರು.

ಆಮೇಲಿನ ಭಯವನ್ನು ಏನು ಹೇಳಲಿ. ಚಿತ್ರದ ಬಂಡೆ ಕ್ಲೋಸ್‌ಪೇಟೆಯದೆಂದು ಯಾರೋ ಗುರುತು ಹಿಡಿದರು. ಕನಕಪುರದ ಕಡೆಯ ಗಾಡಿಗಳು ನಿಂತವು. ಮಾಗಡಿಯ ಸಂತೆಗೆ ಹೊರಟವರು ಅರ್ಧ ದಾರಿಯಲ್ಲಿ ಒಂದು ಕಪ್ಪು ಕೋಳಿ ಕಂಡು ಹಿಂದಕ್ಕೆ ಓಡಿಬಂದರು. ಚನ್ನಪಟ್ಟಣದ ಬೀದಿಯಲ್ಲಿ ಹೊತ್ತು ಇಳಿಯುವ ಮೊದಲೇ ಬಾಗಿಲುಗಳು ದಡದಡ ಮುಚ್ಚಿಕೊಳ್ಳುತ್ತಿದ್ದವು. ಮುಚ್ಚಿದ ಬಾಗಿಲ ಹಿಂದೆ ಮಕ್ಕಳು ಅಳಲೂ ಹೆದರುತ್ತಿದ್ದವು. ನನಗೆ ನಿಜ ಗೊತ್ತಿತ್ತು, ಆದರೂ ನಾನೂ ಅಗುಳಿ ಎರಡು ಸಲ ನೋಡಿಯೇ ಮಲಗುತ್ತಿದ್ದೆ. ಡಕಾಯಿತರನ್ನು ಕಂಡವರ ಸಂಖ್ಯೆ ದಿನದಿನಕ್ಕೆ ಹೆಚ್ಚಿತು. ಎಣ್ಣೆಯ ಗಾಣದವನೊಬ್ಬ ಕಣ್ಣಾರೆ ಹನ್ನೊಂದು ಜನರನ್ನು ಎಣಿಸಿದನಂತೆ.

ಅದನ್ನು ಕೇಳಿ ಗಂಗಯ್ಯ ನನ್ನ ಮೇಜಿಗೆ ಬಂದ.

"ನಾನು ಬರ್ದಿದ್ದು ಎಂಟೇ ಕಣಯ್ಯ," ಎಂದ ಪಿಸುಗುಟ್ಟುತ್ತ. "ಇನ್ನು ಮೂರು ಜನ ಯಾರಿರಬಹುದು?"

ಹತ್ತನೆಯ ದಿನ ಪೊಲೀಸು ದಫೇದಾರ ಜಬ್ಬಾರನನ್ನು ಹಿಡಿದ. ಗುರುತು ಸಿಕ್ಕಿದ್ದು ಕುದುರೆಯಿಂದ. ಬಾದಷಾನ ಎಡಗಿವಿಯ ತುದಿ ಹರಿದಿತ್ತು, ಚಿತ್ರದಲ್ಲೂ ಹರಿದಿತ್ತು. ದಿನಾ ಆ ಜಟಕಾದಲ್ಲಿ ಪುಕ್ಕಟೆ ಓಡಾಡುತ್ತಿದ್ದ ದಫೇದಾರನಿಗೆ ಆ ಕಿವಿ ತನ್ನ ಕಿವಿಗಿಂತ ಚೆನ್ನಾಗಿ ಗೊತ್ತಿತ್ತು.

"ಎಲ್ಲಿ ನಿನ್ನ ಇನ್ನೇಳು ಜನ?" ಎಂದು ಅವನು ಕೇಳಿದ.

"ನಮ್ಮಮ್ಮಂಗೆ ನಾನೊಬ್ನೇ ಸಾಮಿ," ಎಂದ ಜಬ್ಬಾರ್. ಅದಕ್ಕಿಂತ ಹೆಚ್ಚು ಒಂದು ಮಾತೂ ಆಡಲಿಲ್ಲ. ಶುಕ್ರವಾರದ ರೈಲಿನಲ್ಲಿ ಬೇಡಿ ಹಾಕಿ ಬೆಂಗಳೂರಿಗೆ ಕಳಿಸುವುದೆಂದು ತೀರ್ಮಾನವಾಯಿತು.

ಗುರುವಾರ ಸಂಜೆ ಜಬ್ಬಾರನ ತಾಯಿ ಅಕ್ಬರಿ ಬೇಗಂ ಗಂಗಯ್ಯನ ಮನೆಗೆ ಬಂದಳು. ನಾನೂ ಅಲ್ಲೇ ಇದ್ದೆ. ಮುದುಕಿಯ ಕೈ ಸೆರಗನ್ನು ಹಿಂಡುತ್ತಿತ್ತು.

"ಗಂಗಣ್ಣ, ನೀನು ಬರಿಯೋನು. ನನ್ ಮಗಂಗೆ ಒಂದು ಅರ್ಜಿ ಬರ್ಕೊಡಪ್ಪ. ಅವ್ನು ಪೊಲೀಸ್ನೋರ್ ತಾವ ಬಾಯೇ ಬುಡ್ತಿಲ್ಲ. ಯಾರ್ಗೋ ಮಾತು ಕೊಟ್ಟಿವ್ನಂತೆ. ಅಲ್ಲಾನಾಣೆ ಇಟ್ಬುಟ್ಟಿವ್ನಂತೆ."

ಗಂಗಯ್ಯ ಲೆಕ್ಕಣಿಕೆ ಎತ್ತಿಕೊಂಡ. "ಮಹಾಸ್ವಾಮಿಯವರ ಸನ್ನಿಧಾನಕ್ಕೆ" ಎಂದು ಬರೆದ. ಮುಂದೆ ಬರೆಯಲು ಹೋದರೆ ಕಾಗದದ ಮೇಲೆ ಶಾಯಿ ಸುರಿಯಿತು.

ಅವನ ಹೆಂಡತಿ ನಾಗಲಕ್ಷ್ಮಮ್ಮ ಮುದುಕಿಗೆ ನೀರು ಕೊಟ್ಟು ಪಕ್ಕದಲ್ಲಿ ಕೂತಳು. ಆಕೆಗೆ ಹೆದರಿಕೆಯೆಂಬುದು ಗೊತ್ತಿರಲಿಲ್ಲ. ಮನೆಯ ಪಾಲಿನದನ್ನೆಲ್ಲ ಗಂಡನೇ ಬಳಸಿಕೊಂಡಿದ್ದ. "ಅಳಬ್ಯಾಡಿ ಬೇಗಮ್ಮಾರೆ," ಎಂದಳು. "ಆ ಹಾಳು ಚಿತ್ರ ಬರ್ದ ಮುಂಡೇಮಗನ ಕೈ ಸೇದ್ಹೋಗ!"

ಗಂಗಯ್ಯ ತಟ್ಟನೆ ತನ್ನ ಬಲಗೈ ನೋಡಿಕೊಂಡ. ಸೇದಿಹೋಗಿದೆಯೋ ಏನೋ ಎಂದು ಬೆರಳು ಮಡಿಸಿ ಬಿಡಿಸಿದ. ನಾಗಲಕ್ಷ್ಮಮ್ಮ ಅದನ್ನು ನೋಡಿದಳು. ಹದಿನಾಲ್ಕು ವರ್ಷ ಬಾಳಿದವಳಿಗೆ ಅಷ್ಟು ಸಾಕಾಯಿತು.

"ನೀವಾ?"

ಗಂಗಯ್ಯ ತಲೆ ತಗ್ಗಿಸಿದ. ಹೊರಗೆ ಕಟ್ಟಿದ್ದ ಬಾದಷಾ ಕಾಲಿನಿಂದ ನೆಲ ಕೆರೆಯುವುದು ಒಳಗೆ ಕೇಳುತ್ತಿತ್ತು.

"ನಾಳೆ ಬೆಳಿಗ್ಗೆ ಹೋಗಿ ಹೇಳಿ," ಎಂದಳು ನಾಗಲಕ್ಷ್ಮಮ್ಮ. "ನೌಕ್ರಿ ಹೋದ್ರೆ ಹೋಗ್ಲಿ. ನಾನು ಹಪ್ಪಳ ಒತ್ತೀನಿ, ನೀವು ಮಾರಿ. ಆ ಹುಡ್ಗ ನಿಮ್ಗೋಸ್ಕರ ಬಾಯಿ ಮುಚ್ಕೊಂಡು ಕೂತವ್ನಲ್ರೀ, ನಿಮ್ಗೆ ಅನ್ನ ಇಳೀತದಾ?"

"ಹೇಳ್ತೀನಿ," ಎಂದ ಗಂಗಯ್ಯ. ಅವನ ಕಣ್ಣಲ್ಲಿ ನೀರಿತ್ತು. ಇನ್ನೂ ಏನೋ ಹೇಳಲು ಬಾಯಿ ತೆರೆದವನು ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡ.

ಶುಕ್ರವಾರ ಕಛೇರಿ ತುಂಬಿತ್ತು. ಮೇಜಿನ ಮೇಲೆ ಚಿತ್ರ. ಒಂದು ಕಡೆ ದಫೇದಾರ, ಬೇಡಿ ಹಾಕಿಕೊಂಡ ಜಬ್ಬಾರ್. ಇನ್ನೊಂದು ಕಡೆ ಬೈರಾಪಟ್ಟಣದ ಪಟೇಲರು. ಗಂಗಯ್ಯ ಅರ್ಧದಿಂದ ಹಿಂದಿರುಗದಂತೆ ನಾಗಲಕ್ಷ್ಮಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

ಮೊದಲು ಮಾತಾಡಿದ್ದು ಅಕ್ಬರಿ ಬೇಗಂ. ಚಿತ್ರವನ್ನು ಆಕೆ ನೋಡಿದ್ದು ಅದೇ ಮೊದಲ ಸಲ. "ಸಾಮಿ, ಎಂಟು ಕುದ್ರೆ ಅಂತೀರಿ. ಎಂಟಕ್ಕೂ ಎಡಗಿವಿ ಹರ್ದೈತೆ ನೋಡಿ. ನಮ್ ಬಾದಷಾನ ಕಿವಿ ಕ್ಲೋಸ್‌ಪೇಟೆ ಟೇಸನ್ ತಾವ ನಾಯಿ ಕಚ್ಚಿದ್ದು. ಎಂಟು ಕುದ್ರೆಗೂ ಅದೇ ನಾಯಿ ಕಚ್ಚೈತಾ?"

ಅಮಲ್ದಾರರು ಕನ್ನಡಕ ಏರಿಸಿದರು. ಎಂಟೂ ಕಿವಿ ನೋಡಿದರು. ಮುದುಕಿಯ ಮಾತು ನ್ಯಾಯವಾಗಿತ್ತು. ಇದು ಒಂದೇ ಕುದುರೆ, ಒಬ್ಬನೇ ಸವಾರ.

"ಹಂಗಾದ್ರೆ ಬುದ್ಧಿ," ಎಂದ ದಫೇದಾರ ಒಂದು ಹೆಜ್ಜೆ ಹಿಂದೆ ಸರಿದು, "ಎಂಟು ಜನರ ಕೆಲ್ಸಾನ ಇವ್ನೊಬ್ನೇ ಮಾಡವ್ನೆ! ಇವ್ನು ಇನ್ನೂ ಅಪಾಯದೋನು!"

ಇನ್ನೊಂದು ಬೇಡಿ ತರಿಸುವ ಮಾತಾಯಿತು.

"ಬರೆದದ್ದು ನಾನು," ಎಂದ ಗಂಗಯ್ಯ. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಎಂದ. ಮೂರನೆಯ ಸಲ ಎಷ್ಟು ಜೋರಾಗಿ ಕೂಗಿದನೆಂದರೆ ಅಮಲ್ದಾರರೇ ಎದ್ದು ನಿಂತರು. "ಬರೆದದ್ದು ನಾನು ಮಹಾಸ್ವಾಮಿ! ಅವನು ಡಕಾಯಿತನಲ್ಲ! ಅದು ಕಥೆ! ಕೈಯಲ್ಲಿರೋದು ಪಿಸ್ತೂಲಲ್ಲ, ತೊಟ್ಟಿಲಿನ ಗೂಟ!"

ಅಮಲ್ದಾರರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಏನ್ರೀ ಗಂಗಯ್ಯ, ಹಲ್ಲಿ ಕಂಡರೆ ಕುರ್ಚಿ ಹತ್ತೋ ನೀವು ಇಂಥ ದೆವ್ವ ಬರೆದಿರಾ? ನೆರೆಯವನನ್ನು ಬಿಡಿಸೋಕೆ ಸುಳ್ಳು ಹೇಳ್ತೀರಾ? ಎಲ್ಲಿ, ಈಗ ಬರೀರಿ."

ಗಂಗಯ್ಯ ಬರೆದ. ಕೈ ನಡುಗಿ ಕಾಗದದ ಮೇಲೆ ಮೂಡಿದ್ದು ಎರೆಹುಳುವಿನಂಥ ಒಂದು ಗೆರೆ. ದಫೇದಾರ ಕಿಸಕ್ಕನೆ ನಕ್ಕ. ಜಬ್ಬಾರ್ ಕಣ್ಣು ಮುಚ್ಚಿಕೊಂಡ.

"ಒಸಿ ಇಲ್ಲಿ ಕೊಡಿ," ಎಂದು ನಾಗಲಕ್ಷ್ಮಮ್ಮ ಮುಂದೆ ಬಂದಳು.

ಚಿತ್ರವನ್ನು ಎತ್ತಿಕೊಂಡಳು. ಒಂದೊಂದೇ ಚೌಕ ನೋಡುತ್ತ ಬಂದಳು. ಏಳನೆಯದಕ್ಕೆ ಬಂದು ನಿಂತಳು. ಗಂಗಯ್ಯ ಗೋಡೆಗೆ ಅಂಟಿಕೊಂಡ. ಅಮಲ್ದಾರರು, ಜೈಲು, ನೌಕರಿ, ಹಲ್ಲಿ ಎಲ್ಲ ಒಂದು ತೂಕ. ಈ ಗಳಿಗೆ ಇನ್ನೊಂದು ತೂಕ. ಆಕೆ ಗಂಡನ ಕಡೆ ತಿರುಗಿ ನೋಡಿದ ನೋಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಆಮೇಲೆ ಆಕೆ ಕೈಯೆತ್ತಿ ತುರುಬು ಬಿಚ್ಚಿದಳು. ತುಂಬಿದ ಕಛೇರಿಯಲ್ಲಿ, ಗಂಡಸರ ಮುಂದೆ, ಆ ಕಾಲದಲ್ಲಿ! ಮೊಣಕಾಲಿನವರೆಗಿದ್ದ ಕೂದಲು ಮುಖದ ಮೇಲೆ ಇಳಿಬಿಟ್ಟು, ಚಿತ್ರದಲ್ಲಿದ್ದಂತೆಯೇ ಎರಡು ಕೈ ಮುಂದೆ ಚಾಚಿ ನಿಂತಳು.

"ಅಯ್ಯಯ್ಯಪ್ಪೋ! ಏಳ್ನೇ ನಂಬರಿಂದು!" ಎಂದು ಪಟೇಲರು ಬೆಂಚಿನ ಮೇಲೆ ಹತ್ತಿದರು. ದಫೇದಾರ ಬೀರುವಿನ ಹಿಂದೆ ಹೋಗಿದ್ದ. ಅಮಲ್ದಾರರು ಕುರ್ಚಿಯನ್ನು ಎತ್ತಿ ತಮ್ಮ ಮುಂದೆ ಹಿಡಿದುಕೊಂಡಿದ್ದರು. ನಾನು ಎಲ್ಲಿದ್ದೆ ಎಂಬುದು ಇಲ್ಲಿ ಅಪ್ರಸ್ತುತ.

"ಈ ದೆವ್ವ ನಾನೇ ಸ್ವಾಮಿ," ಎಂದಳು ನಾಗಲಕ್ಷ್ಮಮ್ಮ ಕೂದಲ ಹಿಂದಿನಿಂದ. "ಮಂಗಳವಾರ ಎಣ್ಣೆ ನೀರು ಹಾಕ್ಕೊಂಡು ಹಿತ್ತಲಲ್ಲಿ ತಲೆ ಆರ್ಸಿ ಬಟ್ಟೆ ಹರವ್ತಿದ್ದೆ. ಈ ಪುಣ್ಯಾತ್ಮ ಕಿಟಕೀಲಿ ಕೂತು ಬರ್ದವ್ರೆ. ಇವ್ರಲ್ದೆ ನನ್ನ ಇನ್ಯಾರು ಹಿಂಗೆ ಬರ್ದಾರು? ಆ ಹುಡ್ಗನ್ನ ಬಿಟ್ಬುಡಿ."

ಬೇಡಿ ಹಾಕಿಕೊಂಡಿದ್ದ ಜಬ್ಬಾರ್ ಇಷ್ಟು ದಿನದ ಮೇಲೆ ಮೊದಲ ಸಲ ಬಾಯಿ ಬಿಟ್ಟ. ಹೊಟ್ಟೆ ಹಿಡಿದುಕೊಂಡು ನಕ್ಕ.

ಬೇಡಿ ಬಿಚ್ಚಿದ್ದಾಯಿತು. ಆದರೆ ಅಮಲ್ದಾರರು ಮಾತ್ರ ತಲೆಯ ಮೇಲೆ ಕೈ ಹೊತ್ತು ಕೂತರು. ಎಂಟು ಡಕಾಯಿತರಿದ್ದಾರೆಂದು ಹುಜೂರಿಗೆ ತಾವೇ ಬರೆದಾಗಿದೆ. ಅವರು ಹುಟ್ಟಿಯೇ ಇಲ್ಲವೆಂದು ಈಗ ಯಾವ ಕೈಯಿಂದ ಬರೆಯುವುದು? ಕೊನೆಗೆ ತಲೆಯೆತ್ತಿದರು.

"ಗಂಗಯ್ಯ, ನಿಮ್ಮ ನೌಕರಿ ಉಳೀಬೇಕೋ ಬೇಡವೋ? ಒಂಬತ್ತನೇ ಚೌಕ ಬರೀರಿ. ಎಂಟೂ ಜನ ಸಿಕ್ಕಿಬೀಳಲಿ. ಹಗ್ಗದಲ್ಲಿ ಕಟ್ಟಿ. ಮುಖದ ಬಟ್ಟೆ ತೆಗೆದಿರಬೇಕು. ಹೋಬಳಿಯ ಎಲ್ಲ ಚಾವಡೀಲೂ ಅಂಟಿಸೋಣ. ಜನದ ಭಯ ಹೋಗಲಿ."

ಬುಡ್ಡೆಯೊಳಗಿನ ಮಾತನ್ನು ತಾವೇ ಸ್ವಹಸ್ತದಿಂದ ತುಂಬುವುದಾಗಿಯೂ ಹೇಳಿದರು.

ಈಗ ಎಂಟು ಮುಖ ಬೇಕಾಯಿತು. ಎದುರಿಗೆ ಮನುಷ್ಯನಿಲ್ಲದೆ ಗಂಗಯ್ಯನಿಗೆ ಮುಖ ಬರುವುದಿಲ್ಲ. ಜಬ್ಬಾರ್ ತಾನೇ ಮುಂದೆ ಬಂದ, ಗಂಗಯ್ಯ ಬೇಡವೆಂದ. ದಫೇದಾರನನ್ನು ಕೇಳಿದ; ಅವನು ಲಾಠಿ ತೋರಿಸಿದ. ನನ್ನನ್ನೂ ಕೇಳಿದ. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ ಎಂದು ನಾನು ಮುಖ ತಿರುಗಿಸಿದೆ. ಅದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಗಂಗಯ್ಯ ಮನೆಗೆ ಹೋಗಿ ಹೆಂಡತಿಯ ಕುಂಕುಮದ ಪೆಟ್ಟಿಗೆಯ ಕನ್ನಡಿಯನ್ನು ಮುಂದಿಟ್ಟುಕೊಂಡು ಕೂತ. ಕನ್ನಡಿಯಲ್ಲಿದ್ದವನನ್ನು ಎಂಟು ಸಲ ಬರೆದ. ಕೈ ಒಂದು ಸಲವೂ ನಡುಗಲಿಲ್ಲವೆಂದು ನಾಗಲಕ್ಷ್ಮಮ್ಮ ಹೇಳಿದಳು.

ಚಿತ್ರದ ನಕಲು ಚಾವಡಿ ಚಾವಡಿಗೂ ಹೋಯಿತು. ಎಂಟು ಬುಡ್ಡೆಯಲ್ಲೂ ಅಮಲ್ದಾರರ ದುಂಡು ಅಕ್ಷರದಲ್ಲಿ "ತಪ್ಪಾಯಿತು" ಎಂದಿತ್ತು. ಬೈರಾಪಟ್ಟಣದವರು ಹೊಲಕ್ಕಿಳಿದರು. ಚಿಕ್ಕಲಕ್ಷ್ಮಮ್ಮ ಕಳೆ ಕಿತ್ತಳು. ತಿಪ್ಪಸಂದ್ರದಿಂದ ಮಾತ್ರ ಕೋಪದ ಕಾಗದ ಬಂತು: ನನ್ನ ಕಥೆಯಲ್ಲಿ ಡಕಾಯಿತ ಸಿಕ್ಕಿಬೀಳುವುದೇ ಇಲ್ಲ, ನೀವು ಮುಕ್ತಾಯ ಕೆಡಿಸಿದಿರಿ.

ಒಂದು ತಿಂಗಳ ಮೇಲೆ, ಸರಿಯಾದ ನಕ್ಷೆಯನ್ನು ಬೈರಾಪಟ್ಟಣಕ್ಕೆ ಮುಟ್ಟಿಸಲು ಗಂಗಯ್ಯ ನನ್ನನ್ನೂ ಕರೆದುಕೊಂಡು ಜಟಕಾ ನಿಲ್ದಾಣಕ್ಕೆ ಬಂದ. ಜಬ್ಬಾರನ ಗಾಡಿಯಲ್ಲಿ ಆಗಲೇ ಮೂರು ಜನ ಕೂತಿದ್ದರು. ಒಬ್ಬ ಗಂಗಯ್ಯನ ಮುಖ ನೋಡಿದ. ಪಕ್ಕದವನನ್ನು ತಿವಿದ. ಮೂರನೆಯವನು ಗಂಟು ಅಲ್ಲೇ ಬಿಟ್ಟು ಹಿಂದಿನಿಂದ ಧುಮುಕಿದ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಗಾಡಿ ಖಾಲಿ. ಆಚೆಯ ಗಾಡಿಗಳವರೂ ಕುದುರೆ ತಿರುಗಿಸಿಕೊಂಡರು. ಬೀದಿಯಲ್ಲಿ ಒಂದು ಬಾಗಿಲು ದಡ್ಡನೆ ಮುಚ್ಚಿತು.

ಜೀವಮಾನವೆಲ್ಲ ಎಲ್ಲರಿಗೂ ಹೆದರಿದ ಗಂಗಯ್ಯ ನಡುಬೀದಿಯಲ್ಲಿ ನಕ್ಷೆ ಹಿಡಿದು ನಿಂತಿದ್ದ. ಮುಖ ಬಾಡಿತ್ತು. "ಜಬ್ಬಾರ್, ನಾನು ನಡ್ಕೊಂಡೇ ಹೋಗ್ತೀನಿ. ನಿನ್ನ ಗಿರಾಕಿ ಹಾಳಾಗುತ್ತೆ," ಎಂದ.

ಜಬ್ಬಾರ್ ಕೆಳಗಿಳಿದು ಅವನ ರಟ್ಟೆ ಹಿಡಿದು ಗಾಡಿಗೆ ಹತ್ತಿಸಿದ. ಹೆಗಲಿನ ಚೌಕದಿಂದ ಸೀಟು ಒರೆಸಿದ. ನನ್ನ ಕಡೆ ನೋಡಿ ಕೈಯಾಡಿಸಿದ.

"ನೀವು ಇನ್ನೊಂದು ಬಂಡೀಲಿ ಬನ್ನಿ ಸಾಮಿ, ಇದ್ರಾಗೆ ಜಾಗಿಲ್ಲ. ನಾಕು ಜನ ಹಿಡಿಯೋ ಬಂಡಿಗೆ ಎಂಟು ಜನ ಹತ್ಕೊಂಬುಟ್ಟವ್ರೆ," ಎಂದು ಲಗಾಮು ಎಳೆದ. "ನಡೀಲೇ ಬಾದಷಾ!"